ಸರ್ಟಿಫೈಡ್ ಸೆಕೆಂಡ್ ಹ್ಯಾಂಡ್ ಕಾರು

ಒಬ್ಬರು ಓಡಿಸಿ ಬಿಟ್ಟ ಕಾರನ್ನು ಕಂಪನಿಯೋ ಅದರ ಡೀಲರೋ ಕೊಂಡು, ಪಟ್ಟಿ ಹಿಡಿದು ತಪಾಸಣೆ ಮಾಡಿ, ಕೆಟ್ಟದ್ದನ್ನು ಸರಿಪಡಿಸಿ, ಇಂತಿಷ್ಟು ತಿಂಗಳ ವಾರಂಟಿ ಬರೆದುಕೊಟ್ಟು ಇನ್ನೊಬ್ಬರಿಗೆ ಮಾರಿದರೆ ಅದು ಸರ್ಟಿಫೈಡ್ ಸೆಕೆಂಡ್ ಹ್ಯಾಂಡ್ ಕಾರು. ಬ್ರೋಕರ್ ತೋರಿಸುವ ಗಾಡಿಗೂ ಇದಕ್ಕೂ ಇರುವ ವ್ಯತ್ಯಾಸ ಆ ಕಾಗದದ್ದು. ಕಾಗದ ಎಷ್ಟು ಗಟ್ಟಿ ಎಂಬುದರ ಮೇಲೆ ಕಾರಿಗೆ ತೆತ್ತ ಹೆಚ್ಚುವರಿ ದುಡ್ಡು ಸಾರ್ಥಕವೋ ಅಲ್ಲವೋ ಎಂಬುದು ನಿಂತಿದೆ.

ಈ ವ್ಯಾಪಾರವನ್ನು ಅರಿಯಲು ಬೆಂಗಳೂರು–ಮೈಸೂರು ರಸ್ತೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ರಾಮನಗರ ಮತ್ತು ಚನ್ನಪಟ್ಟಣದ ನಡುವೆ, ಆಂಜನೇಯನ ಗುಡಿಯಿರುವ ಕೆಂಗಲ್‌ನಿಂದ ಬೆಂಗಳೂರಿನ ಕಡೆಗೆ ಹೊರಟರೆ ಅರ್ಧ ದಾರಿಯೊಳಗೇ ಬಿಡದಿ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್‌ನ ಕಾರ್ಖಾನೆ ಅಲ್ಲಿದೆ. 1999ರ ಡಿಸೆಂಬರ್‌ನಲ್ಲಿ ಅಲ್ಲಿ ಕ್ವಾಲಿಸ್ ತಯಾರಿಕೆ ಶುರುವಾಯಿತು; 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೂ ಬೆಲೆ ಬಿಟ್ಟುಕೊಡದ ಗಾಡಿ ಯಾವುದೆಂದು ಕೇಳಿದರೆ ಈ ಭಾಗದ ಟ್ರಾವೆಲ್ಸ್‌ನವರು ಹೇಳುವ ಮೊದಲ ಹೆಸರು ಇಂದಿಗೂ ಅದೇ. ಕೊಳ್ಳುವವರ ಕಡೆಯಿಂದ ನೋಡಿದರೂ ಈ ಸೀಮೆಗೆ ತನ್ನದೇ ಗುಣವಿದೆ. ರೇಷ್ಮೆಗೂಡು, ಮಾವು, ಹಾಲಿನ ದುಡ್ಡಿನಲ್ಲಿ ಸಂಸಾರ ನಡೆಸುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮನೆಗಳಿಗೆ ಪಕ್ಕದಲ್ಲೇ ಬೆಂಗಳೂರಿನಂಥ ಮಹಾನಗರ. ಐದಾರು ವರ್ಷಕ್ಕೊಮ್ಮೆ ಕಾರು ಬದಲಿಸುವವರು ಅಲ್ಲಿದ್ದಾರೆ, ಅವರು ಬಿಟ್ಟ ಕಾರನ್ನು ಇನ್ನು ಹತ್ತು ವರ್ಷ ಓಡಿಸಬಲ್ಲವರು ಇಲ್ಲಿದ್ದಾರೆ.

ತಪಾಸಣೆ ಮಾಡಿ ವಾರಂಟಿಯೊಂದಿಗೆ ಹಳೇ ಕಾರು ಮಾರುವ ಪದ್ಧತಿಯನ್ನು ಅಮೆರಿಕದಲ್ಲಿ 1990ರ ದಶಕದಲ್ಲಿ ಐಷಾರಾಮಿ ಕಾರು ಕಂಪನಿಗಳು ಜನಪ್ರಿಯಗೊಳಿಸಿದವು. ಟೊಯೋಟಾದ್ದೇ ಬ್ರಾಂಡ್ ಆದ ಲೆಕ್ಸಸ್ 1993ರಲ್ಲಿ ಶುರುಮಾಡಿದ ಯೋಜನೆ ಅವುಗಳಲ್ಲಿ ಮುಂಚೂಣಿಯದು. ಲೀಸ್ ಮುಗಿಸಿ ಒಟ್ಟಿಗೇ ವಾಪಸು ಬರುತ್ತಿದ್ದ ಎರಡು–ಮೂರು ವರ್ಷದ ಕಾರುಗಳನ್ನು ಬೆಲೆ ಕುಸಿಯದಂತೆ ಮಾರುವುದು ಆ ಕಂಪನಿಗಳಿಗಿದ್ದ ತಲೆನೋವು. ಭಾರತದಲ್ಲಿ ಮಾರುತಿ ಕಂಪನಿ ‘ಟ್ರೂ ವ್ಯಾಲ್ಯೂ’ ಹೆಸರಿನಲ್ಲಿ 2001ರಲ್ಲಿ ಈ ಕೆಲಸಕ್ಕೆ ಇಳಿಯಿತು. ಅದು ಬಾಗಿಲು ತೆರೆದ ಮೊದಮೊದಲ ನಗರಗಳಲ್ಲಿ ಬೆಂಗಳೂರೂ ಒಂದು. 2007ರಲ್ಲಿ ಟೊಯೋಟಾದ ‘ಯು ಟ್ರಸ್ಟ್’ ಬಂತು. ಹ್ಯುಂಡೈನ ‘ಎಚ್ ಪ್ರಾಮಿಸ್’, ಹೋಂಡಾದ ‘ಆಟೋ ಟೆರೇಸ್’ ಇದೇ ಸಾಲಿನವು. ಸ್ಪಿನ್ನಿ, ಕಾರ್ಸ್24ನಂಥ ಆನ್‌ಲೈನ್ ಕಂಪನಿಗಳು ಹುಟ್ಟಿದ್ದು 2015ರಲ್ಲಿ. ಇವು ಯಾವುದೇ ಕಂಪನಿಯ ಕಾರನ್ನೂ ಕೊಂಡು ಮಾರುತ್ತವೆ, ಕೊಂಡ ಕೆಲವು ದಿನಗಳೊಳಗೆ ಗಾಡಿ ಹಿಂತಿರುಗಿಸುವ ಅವಕಾಶವನ್ನೂ ಕೊಡುತ್ತವೆ. 2022ರಲ್ಲಿ ಟೊಯೋಟಾ ಡೀಲರನ್ನು ಬಿಟ್ಟು ತಾನೇ ನಡೆಸುವ ಹಳೇ ಕಾರುಗಳ ಮಳಿಗೆಯನ್ನು ಬೆಂಗಳೂರಿನಲ್ಲಿ ತೆರೆಯಿತು.

ಈ ಕಾಗದದ ಅಗತ್ಯ ಯಾಕೆ ಬಂತು ಎಂಬುದನ್ನು ಬಿಡಿಸಿಟ್ಟವರು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದ ವಾದ ಸರಳ: ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅನುಮಾನದಿಂದ ಕೊಳ್ಳುವವನು ಎಲ್ಲ ಕಾರಿಗೂ ಬೆಲೆ ಇಳಿಸಿಯೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಇಟ್ಟುಕೊಂಡವನು ಮಾರಲು ಒಪ್ಪುವುದಿಲ್ಲ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟ ಗಾಡಿಗಳೇ. ಆ ಪ್ರಬಂಧವನ್ನು ಪತ್ರಿಕೆಯೊಂದು ಮೊದಲ ಬಾರಿ ತಿರಸ್ಕರಿಸಿದಾಗ ಅಕರ್ಲಾಫ್ ಭಾರತದಲ್ಲಿದ್ದರು. ಅದರಲ್ಲಿ ಅಕ್ಕಿಗೆ ಬೇಕೆಂದೇ ಬೆರೆಸಿದ ಕಲ್ಲನ್ನು ಆರಿಸುವ ಇಲ್ಲಿನ ಗೃಹಿಣಿಯ ಉದಾಹರಣೆಯೂ ಇದೆ. ಮೂರು ಪತ್ರಿಕೆಗಳು ಬೇಡವೆಂದ ಆ ಬರಹಕ್ಕಾಗಿ ಅವರು ನೊಬೆಲ್ ಹಂಚಿಕೊಂಡದ್ದು 2001ರಲ್ಲಿ, ಅಂದರೆ ಟ್ರೂ ವ್ಯಾಲ್ಯೂ ಶುರುವಾದ ವರ್ಷವೇ.

ರಾಮನಗರದವರಿಗೆ ಈ ಸಿದ್ಧಾಂತ ಹೊಸದೇನಲ್ಲ. ಏಷ್ಯಾದ ಅತಿ ದೊಡ್ಡದೆಂದು ಹೆಸರಾದ ಅಲ್ಲಿನ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ರೀಲರು ಲಾಟಿನ ಮೇಲ್ಪದರ ನೋಡಿ ದರ ಕೂಗುವುದಿಲ್ಲ. ಕೈಯನ್ನು ಅಡಿಯವರೆಗೆ ಇಳಿಸಿ ಗೂಡು ಮೇಲೆತ್ತಿ, ಅಮುಕಿ, ಅಲ್ಲಾಡಿಸಿ ನೋಡುತ್ತಾನೆ. ಸರ್ಕಾರಿ ಮಾರುಕಟ್ಟೆಯ ಹೊರಗೆ ಗೂಡಿನ ವ್ಯಾಪಾರ ನಡೆಯಕೂಡದೆಂದು 1959ರ ಕಾಯ್ದೆಯೇ ಹೇಳುತ್ತದೆ; ತೂಕ, ಹರಾಜು, ಹಣ ಪಾವತಿ ಎಲ್ಲವೂ ಅಧಿಕಾರಿಗಳ ಕಣ್ಗಾವಲಿನಲ್ಲಿ. ಹಳೇ ಕಾರಿಗೆ ಅಂಥ ಮಾರುಕಟ್ಟೆ ಇಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ‘ಸರ್ಟಿಫೈಡ್’ ಎಂಬ ವರ್ಗವೇ ಇಲ್ಲ. ಷೋರೂಮಿನ ಗಾಜಿಗೆ ಅಂಟಿಸಿದ ಆ ಮುದ್ರೆ ಸರ್ಕಾರದ್ದಲ್ಲ, ಮಾರುವ ಕಂಪನಿ ತಾನಾಗಿ ಕೊಡುವ ಮಾತು.

ಹಾಗೆಂದು ಮಾತು ಪೊಳ್ಳು ಎನ್ನುವಂತಿಲ್ಲ. ಟ್ರೂ ವ್ಯಾಲ್ಯೂ 376 ಅಂಶಗಳನ್ನೂ ಯು ಟ್ರಸ್ಟ್ 203 ಅಂಶಗಳನ್ನೂ ತಪಾಸಿಸುವುದಾಗಿ ಹೇಳುತ್ತವೆ. ಮೊದಲನೆಯದು ಒಂದು ವರ್ಷದವರೆಗೆ, ಎರಡನೆಯದು ಎರಡು ವರ್ಷ ಅಥವಾ 30,000 ಕಿಲೋಮೀಟರ್‌ವರೆಗೆ ವಾರಂಟಿ ಘೋಷಿಸಿದೆ. ಎರಡರಲ್ಲೂ ಮೂರು ಉಚಿತ ಸರ್ವಿಸ್. ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಯಾವುದು ದೊಡ್ಡದೆಂದು ನೋಡುವುದು ವ್ಯರ್ಥ. ಒಂದು ಕಂಪನಿ ನಾಲ್ಕು ಚಕ್ರವನ್ನು ನಾಲ್ಕು ಅಂಶವೆಂದು ಎಣಿಸಿದರೆ ಇನ್ನೊಂದು ಒಂದೇ ಎಂದು ಎಣಿಸೀತು. ಬಾಡಿಗೆ ಪುಟ್ಟಿ ಬಳಿದಿದ್ದಾರೆಯೇ ಎಂದು ಬಣ್ಣದ ದಪ್ಪ ಅಳೆಯುವ ಗೇಜ್, ಎಂಜಿನ್ ಕಂಪ್ಯೂಟರಿನಲ್ಲಿ ಅಡಗಿದ ದೋಷಗಳನ್ನು ಓದುವ ಸ್ಕ್ಯಾನರ್, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ದಾಖಲಾದ ಹಳೇ ಬಿಲ್‌ಗಳು: ಈ ಮೂರರ ಮಾಹಿತಿಯನ್ನು ಕೊಳ್ಳುವವನ ಕೈಗೂ ಕೊಡುತ್ತಾರೆಯೇ ಎಂಬುದು ಅಸಲು ಪ್ರಶ್ನೆ. ವರದಿಯ ಪ್ರತಿ ಕೊಡಲು ಹಿಂಜರಿಯುವ ಮಳಿಗೆಯ ಮುದ್ರೆಗೆ ಬೆಲೆಯಿಲ್ಲ.

ಇನ್ನೊಂದನ್ನು ಬಹಳ ಮಂದಿ ಗಮನಿಸುವುದಿಲ್ಲ. ಸರ್ಟಿಫೈಡ್ ಮಳಿಗೆಯಲ್ಲಿ ನಿಂತ ಕಾರುಗಳೆಲ್ಲ ಸರ್ಟಿಫೈಡ್ ಆಗಿರುವುದಿಲ್ಲ. ವಯಸ್ಸು ಮೀರಿದ, ಕಿಲೋಮೀಟರ್ ಹೆಚ್ಚಾದ ಗಾಡಿಯೂ ಅದೇ ಬೋರ್ಡಿನ ಕೆಳಗೆ ವಾರಂಟಿಯಿಲ್ಲದೆ ನಿಂತಿರಬಹುದು. ವಾರಂಟಿಯಿದ್ದರೂ ಅದು ಮುಖ್ಯವಾಗಿ ಎಂಜಿನ್ ಮತ್ತು ಗೇರ್‌ಬಾಕ್ಸಿನದು. ಕ್ಲಚ್ಚು, ಬ್ರೇಕ್ ಪ್ಯಾಡು, ಟಯರು, ಬ್ಯಾಟರಿ, ಸಸ್ಪೆನ್ಷನ್ನಿನ ಬುಷ್ಷು ಸವೆಯುವ ಭಾಗಗಳೆಂದು ಅದರ ಹೊರಗುಳಿಯುತ್ತವೆ. ಕನಕಪುರದಾಚೆಯ ಕಚ್ಚಾ ದಾರಿಯಲ್ಲಿ ದಿನವೂ ಓಡುವ ಗಾಡಿಗೆ ಖರ್ಚು ತರುವುದು ಇವೇ.

ತಪಾಸಣೆಯ ಪಟ್ಟಿ ಎಷ್ಟೇ ಉದ್ದವಿರಲಿ, ರಾಮನಗರ ಸೀಮೆಯಲ್ಲಿ ಕಾರು ಕೊಳ್ಳುವವರು ಮೊದಲು ಕೇಳಬೇಕಾದ್ದು ನೀರಿನ ಕತೆ. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರದ ಬಡಾವಣೆಗಳಿಗೆ ಕೆರೆಯ ನೀರು ನುಗ್ಗಿತು. ಆಗಿನ್ನೂ ಕಾಮಗಾರಿ ನಡೆಯುತ್ತಿದ್ದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಸಂಗಬಸವನದೊಡ್ಡಿ ಬಳಿಯ ಕೆಳಸೇತುವೆಯಲ್ಲಿ ಬಸ್ಸು, ಕಾರುಗಳು ಮುಳುಗಿ ನಿಂತವು. ಒಂದು ವಾರ ಕಳೆಯುವಷ್ಟರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಯಮಲೂರು ಭಾಗದ ನೆಲಮಾಳಿಗೆಗಳಲ್ಲಿ ದುಬಾರಿ ಕಾರುಗಳು ತೇಲಿದವು. 2023ರ ಮಾರ್ಚ್ 12ರಂದು ಹೆದ್ದಾರಿ ಉದ್ಘಾಟನೆಯಾಗಿ ವಾರ ತುಂಬುವ ಹೊತ್ತಿಗೆ ಬಿದ್ದ ಮಳೆಗೆ ಸಂಗಬಸವನದೊಡ್ಡಿಯಲ್ಲಿ ಮತ್ತೆ ನೀರು ನಿಂತಿತು. 2015ರ ಡಿಸೆಂಬರ್‌ನ ಚೆನ್ನೈ ಪ್ರವಾಹದ ನಂತರವಂತೂ ಮುಳುಗಿದ ಕಾರುಗಳು ಸಾವಿರಗಟ್ಟಲೆ ಲೆಕ್ಕದಲ್ಲಿ ವಿಮೆ ಕಂಪನಿಗಳ ಮೂಲಕ ಹರಾಜಿಗೆ ಬಂದವು.

ಅವೆಲ್ಲ ಎಲ್ಲಿಗೆ ಹೋಗುತ್ತವೆ? ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ 75ನ್ನು ಮೀರಿದರೆ ಕಂಪನಿ ಅದನ್ನು ಪೂರ್ಣ ನಷ್ಟವೆಂದು ತೀರಿಸಿ, ಗಾಡಿಯನ್ನು ಗುಜರಿ ದರಕ್ಕೆ ಮಾರಿಬಿಡುತ್ತದೆ. ಕೆಲವು ಬಿಡಿಭಾಗಗಳಾಗುತ್ತವೆ. ಕೆಲವು ತೊಳೆದು, ಒಣಗಿಸಿ, ಪಾಲಿಶ್ ಹೊಡೆಸಿಕೊಂಡು ಬೇರೆ ಊರಿನಲ್ಲಿ ‘ಡಾಕ್ಟರ್ ಓಡಿಸಿದ ಗಾಡಿ, ಸಿಂಗಲ್ ಓನರ್’ ಆಗಿ ನಿಲ್ಲುತ್ತವೆ. ನೀರು ಕುಡಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರುತ್ತದೆ, ಅದನ್ನು ಬದಲಿಸಬಹುದು. ಬದಲಿಸಲಾಗದ್ದು ವೈರಿಂಗಿನ ಕೀಲುಗಳಲ್ಲಿ ಹಿಡಿದ ಹಸಿರು ಕಿಲುಬು. ಅದು ಆರು ತಿಂಗಳಿಗೋ ವರ್ಷಕ್ಕೋ ಒಂದೊಂದಾಗಿ ಕೈಕೊಡುತ್ತದೆ, ಅಷ್ಟರಲ್ಲಿ ವಾರಂಟಿ ಮುಗಿದಿರಲೂಬಹುದು. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ಮಣ್ಣಿನ ಗೆರೆ ಇದೆಯೇ ನೋಡುವುದು, ಸ್ಟೆಪ್ನಿ ಇಡುವ ಗುಳಿಯ ಮೂಲೆ ತಡವುವುದು, ಸೀಟಿನ ಕೆಳಗಿನ ಕಂಬಿಗಳ ತುಕ್ಕು ಗಮನಿಸುವುದು, ಎಸಿ ಹಾಕದೆ ಗಾಜು ಮುಚ್ಚಿ ಐದು ನಿಮಿಷ ಕೂತು ಮುಗ್ಗಲು ವಾಸನೆ ಹಿಡಿಯುವುದು, ಇದಕ್ಕೆಲ್ಲ ಮೆಕ್ಯಾನಿಕ್ ಬೇಕಿಲ್ಲ. ವಿಮೆ ಕ್ಲೇಮಿನ ಇತಿಹಾಸವನ್ನು ಮಾರುವವನಿಂದ ಲಿಖಿತವಾಗಿ ಕೇಳಬಹುದು. ನಿಜವಾದ ಸರ್ಟಿಫೈಡ್ ಮಳಿಗೆ ತಾನು ಪಡೆಯುವ ಹೆಚ್ಚುವರಿ ದುಡ್ಡಿಗೆ ಯೋಗ್ಯವಾಗುವುದು ಇಂಥ ಗಾಡಿಯನ್ನು ಮೊದಲೇ ತಿರಸ್ಕರಿಸಿದಾಗ.

ಎರಡನೆಯ ಮೋಸ ಮೀಟರಿನದು. ಡಿಜಿಟಲ್ ಮೀಟರ್ ಬಂದ ಮೇಲೆ ಕಿಲೋಮೀಟರ್ ಇಳಿಸುವುದು ಕಷ್ಟವಾಯಿತೆಂದು ನಂಬಿದವರಿದ್ದಾರೆ. ಲ್ಯಾಪ್‌ಟಾಪ್ ಹಿಡಿದವನಿಗೆ ಅದು ಇನ್ನಷ್ಟು ಸುಲಭವಾಯಿತು. 40,000 ಕಿ.ಮೀ. ಎಂದು ತೋರಿಸುವ ಕಾರಿನ ಕ್ಲಚ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ಸ್ಟಿಯರಿಂಗ್ ಹೊಳೆಯುತ್ತಿದ್ದರೆ ಅನುಮಾನಿಸಬೇಕು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಯಲ್ಲಿ ತಯಾರಾದ ವಾರ ಮತ್ತು ವರ್ಷ ಒತ್ತಿರುತ್ತಾರೆ: 2319 ಎಂದಿದ್ದರೆ 2019ರ 23ನೇ ವಾರ. ಕಾರು 2016ರದ್ದು, ಓಡಿದ್ದು 25,000 ಎಂದು ಹೇಳುವವನ ಗಾಡಿಗೆ 2019ರಲ್ಲೇ ನಾಲ್ಕೂ ಹೊಸ ಟಯರು ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಅವನೇ ಉತ್ತರಿಸಲಿ.

ಮೂರನೆಯದು ಬೆಂಗಳೂರಿನ ನೆರೆಯವರಿಗೇ ಹೆಚ್ಚು ಎದುರಾಗುವಂಥದ್ದು. ಹಳದಿ ಬೋರ್ಡಿನಲ್ಲಿ ಹಗಲಿರುಳು ಓಡಿದ ಟ್ಯಾಕ್ಸಿ, ಪರ್ಮಿಟ್ ಒಪ್ಪಿಸಿ, ತೆರಿಗೆ ವ್ಯತ್ಯಾಸ ಕಟ್ಟಿ ಬಿಳಿ ಬೋರ್ಡಿಗೆ ಬದಲಾಗುವುದು ಕಾನೂನಿಗೆ ಒಪ್ಪಿತವೇ. ಬಿಡದಿಯಲ್ಲೇ ತಯಾರಾಗಿ 2020ರಲ್ಲಿ ನಿಂತುಹೋದ ಎಟಿಯೋಸ್, ಮಾರುತಿಯ ಡಿಸೈರ್ ಟೂರ್ ಇಂಥ ಬದಲಾವಣೆಗೆ ಹೆಸರಾದವು. ಕಾನೂನುಬದ್ಧವಾದ ಬದಲಾವಣೆಯನ್ನು ಮುಚ್ಚಿಟ್ಟು ಮನೆಯ ಗಾಡಿಯೆಂದು ಮಾರುವುದು ಮೋಸ. ಇದನ್ನು ಬಯಲು ಮಾಡಬಲ್ಲ ಕಾಗದ ಆರ್‌ಟಿಒ ಕಚೇರಿ ಕೊಡುವ ‘ಬಿ ಎಕ್ಸ್‌ಟ್ರ್ಯಾಕ್ಟ್’. ನೋಂದಣಿ ಪುಸ್ತಕದ ಆ ಪ್ರತಿಯಲ್ಲಿ ಗಾಡಿ ಮೊದಲು ಯಾವ ವರ್ಗದಲ್ಲಿತ್ತು, ಎಷ್ಟು ಕೈ ಬದಲಾಯಿತು, ಯಾವ ಬ್ಯಾಂಕಿನ ಸಾಲವಿದೆ ಎಂಬುದೆಲ್ಲ ಸಿಗುತ್ತದೆ. ಮೊಬೈಲಿನ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆ, ಫಿಟ್‌ನೆಸ್ ಅವಧಿ ಕಾಣುತ್ತದೆ. ಬಾಕಿ ದಂಡವನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನ ಸಿಗ್ನಲ್ ಕ್ಯಾಮೆರಾಗಳ ಜತೆಗೆ ಈಗ ಮೈಸೂರು ಹೆದ್ದಾರಿಯ ಕ್ಯಾಮೆರಾಗಳೂ ಲೆಕ್ಕ ಇಡುತ್ತವೆ. 2023ರ ಫೆಬ್ರುವರಿಯಲ್ಲಿ ಸರ್ಕಾರ ಅರ್ಧ ದಂಡ ಮನ್ನಾ ಮಾಡಿದಾಗ ಕಟ್ಟಲು ಮುಗಿಬಿದ್ದ ಜನರನ್ನು ನೋಡಿದರೆ ಬಾಕಿ ಎಷ್ಟಿತ್ತೆಂದು ಊಹಿಸಬಹುದು.

ಸರ್ಟಿಫಿಕೇಟು ಯಂತ್ರದ ಬಗ್ಗೆ ಮಾತಾಡುತ್ತದೆ. ಮಾಲೀಕ ಯಾರೆಂದು ಹೇಳುವುದು ನೋಂದಣಿ ಪತ್ರವಾದ ಆರ್‌ಸಿ ಮಾತ್ರ. ಗಾಡಿ ಕೆಟ್ಟರೆ ಕಳೆಯುವುದು ಸಾವಿರಗಳಲ್ಲಿ, ಆರ್‌ಸಿ ಕೆಟ್ಟರೆ ಲಕ್ಷಗಳಲ್ಲಿ. ಹೀಗಿದ್ದೂ ಹೆಚ್ಚಿನವರು ಎಂಜಿನ್ ಸದ್ದು ಕೇಳಲು ಅರ್ಧ ದಿನ, ಫಾರಂ ಓದಲು ಅರ್ಧ ನಿಮಿಷ ಕೊಡುತ್ತಾರೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ಅದೇ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ಫಾರಂ 29 ಮತ್ತು 30. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಜತೆ ಫಾರಂ 35. ಈ ಕಡೆ ಕೆಎ-42 ನಂಬರಿನ ರಾಮನಗರ ಆರ್‌ಟಿಒ ಇದನ್ನು ನೋಡಿಕೊಳ್ಳುತ್ತದೆ. 2007ರ ಆಗಸ್ಟ್‌ನಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡರೂ ಹಳೇ ಗಾಡಿಗಳ ನಂಬರು ಬದಲಾಗಿಲ್ಲ.

ಹೆಸರು ಬದಲಿಸದೆ ಸಹಿ ಹಾಕಿದ ಖಾಲಿ ಫಾರಂ ಬ್ರೋಕರ್ ಕೈಗಿಟ್ಟು ಮರೆತುಬಿಡುವುದು ಹಳೆಯ ಚಾಳಿ. ಅದರ ಫಲ ಏನೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 6ರ ತೀರ್ಪಿನಲ್ಲಿ ನಿಚ್ಚಳವಾಗಿ ಹೇಳಿತು. ಒಂದು ಕಾರು ಕೈಯಿಂದ ಕೈಗೆ ನಾಲ್ಕು ಬಾರಿ ಮಾರಾಟವಾಗಿತ್ತು. ಆರ್‌ಸಿ ಮಾತ್ರ ಮೊದಲನೆಯವನ ಹೆಸರಿನಲ್ಲೇ ಉಳಿದಿತ್ತು. 2009ರಲ್ಲಿ ಅಪಘಾತವಾಯಿತು. ಗಾಡಿ ಯಾರ ಕೈಯಲ್ಲಿದ್ದರೂ, ನೋಂದಣಿಯಲ್ಲಿ ಹೆಸರಿದ್ದವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಅಪಘಾತಕ್ಕೆ ಸುಮಾರು ಎರಡು ವರ್ಷ ಮೊದಲೇ ಕಾರು ಮಾರಿದ್ದವನು ದುಡ್ಡು ತೆರಬೇಕಾಯಿತು.

ಮಾರಲೆಂದು ಮಳಿಗೆಗಳಿಗೆ ಕೊಟ್ಟ ಕಾರುಗಳ ಮಾಲೀಕತ್ವದ ಕಗ್ಗಂಟು ಬಿಡಿಸಲು ಕೇಂದ್ರ ಸರ್ಕಾರ ಹೊಸ ನಿಯಮ ಮಾಡಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಹಳೇ ಕಾರುಗಳ ಡೀಲರು ನೋಂದಣಿ ಪ್ರಾಧಿಕಾರದಿಂದ ಐದು ವರ್ಷದ ಅಧಿಕಾರ ಪತ್ರ ಪಡೆಯಬೇಕು. ಮಾಲೀಕ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ತಿಳಿಸಿದರೆ ಅಲ್ಲಿಂದ ಮುಂದೆ ಡೀಲರನೇ ಮಾಲೀಕನೆಂದು ಭಾವಿಸಲಾಗುತ್ತದೆ. ಟೆಸ್ಟ್ ಡ್ರೈವ್, ರಿಪೇರಿ, ಪೇಂಟಿಂಗ್‌ನಂಥ ಕೆಲಸಕ್ಕೆ ಬಿಟ್ಟು ಅವನು ಅದನ್ನು ರಸ್ತೆಗಿಳಿಸುವಂತಿಲ್ಲ. ಇಳಿಸಿದ ಪ್ರತಿ ಸಲವೂ ದಾಖಲೆ ಇಡಬೇಕು. ನಿಯಮ ಚೆನ್ನಾಗಿದೆ. ರಸ್ತೆ ಬದಿಯ ಮರದ ಕೆಳಗೆ ಗಾಡಿ ನಿಲ್ಲಿಸಿ ‘ಮಾರಾಟಕ್ಕಿದೆ’ ಎಂದು ರಟ್ಟು ತೂಗುಹಾಕುವವರ ಬಳಿಗೆ ಅದು ಇನ್ನೂ ತಲುಪಬೇಕು. ‘ಅಧಿಕಾರ ಪತ್ರ ತೋರಿಸಿ’ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ, ಕೇಳಬೇಕಷ್ಟೆ.

ತೆರಿಗೆಯ ಗೊಂದಲವೂ ಸ್ವಲ್ಪ ಇದೆ. 2024ರ ಡಿಸೆಂಬರ್ 21ರಂದು ಜಿಎಸ್‌ಟಿ ಮಂಡಳಿ ಹಳೇ ಕಾರುಗಳ ಮೇಲಿನ ದರವನ್ನು ಶೇ 18ಕ್ಕೆ ಏಕರೂಪಗೊಳಿಸಿದಾಗ, ಮನೆಯ ಕಾರು ಮಾರಿದರೂ ತೆರಿಗೆ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು. ನಿಜವೆಂದರೆ ತೆರಿಗೆ ಡೀಲರಿನ ಲಾಭದ ಮೇಲೆ ಮಾತ್ರ. ನಾಲ್ಕು ಲಕ್ಷಕ್ಕೆ ಕೊಂಡು ನಾಲ್ಕೂವರೆ ಲಕ್ಷಕ್ಕೆ ಮಾರಿದರೆ ಲೆಕ್ಕಕ್ಕೆ ಬರುವುದು ಆ ಐವತ್ತು ಸಾವಿರ. ಸರ್ಟಿಫೈಡ್ ಕಾರಿನ ಬೆಲೆ ನೇರ ಮಾಲೀಕನ ಬೆಲೆಗಿಂತ ಹೆಚ್ಚಿರಲು ರಿಪೇರಿ, ವಾರಂಟಿ, ಮಳಿಗೆಯ ಬಾಡಿಗೆಯ ಜತೆ ಇದೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಹೊಸ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹೊಸತೇ ಅಗ್ಗವಾದಾಗ ಹಳತಿನ ಹಳೇ ಬೆಲೆಗೆ ಜೋತುಬೀಳುವುದರಲ್ಲಿ ಅರ್ಥವಿಲ್ಲ. ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಡ.

ಹೊರರಾಜ್ಯದ ಗಾಡಿಯ ಅಗ್ಗದ ಬೆಲೆಯೂ ಎಚ್ಚರ ಬೇಡುತ್ತದೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳಿಗೆ ದೆಹಲಿಯಲ್ಲಿ 2014–15ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಗಳಿಂದ ಶುರುವಾದ ನಿರ್ಬಂಧದ ಕಾರಣ ಅಲ್ಲಿನ ಡೀಸೆಲ್ ಕಾರುಗಳು ದಕ್ಷಿಣಕ್ಕೆ ಇಳಿದವು. ಕನಕಪುರದವರಿಗೆ ಹೊಸೂರಿನ ಟಿಎನ್-70 ಗಾಡಿಗಳೂ ಹತ್ತಿರವೇ. ಎನ್‌ಒಸಿ ತಂದು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಕಟ್ಟಿ, ಹೊಸ ಕೆಎ ನಂಬರ್ ಪಡೆಯುವ ಖರ್ಚು ಸೇರಿಸಿದ ಮೇಲೆ ಉಳಿತಾಯ ಎಷ್ಟೆಂದು ಕಾಣುತ್ತದೆ. ಹೊಸ ಕಾಲದ ಗಾಡಿಗಳ ವಿಷಯ ಬೇರೆ: ಬಿಡದಿಯಲ್ಲಿ ತಯಾರಾಗುವ ಹೈಬ್ರಿಡ್ ಇನ್ನೋವಾ ಹೈಕ್ರಾಸ್‌ನಲ್ಲಿ ನೋಡಬೇಕಾದ್ದು ಬ್ಯಾಟರಿಯ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿಯಲ್ಲಿ ಎಷ್ಟು ಉಳಿದಿದೆ ಎಂಬುದು. 2023ರ ಏಪ್ರಿಲ್‌ಗೆ ಮುಂಚಿನ ಪೆಟ್ರೋಲ್ ಕಾರಾದರೆ ಅದರ ರಬ್ಬರ್ ಭಾಗಗಳು ಈಗಿನ ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಹೊಂದುತ್ತವೆಯೇ ಎಂಬುದು.

ಹಾಗಾದರೆ ಸರ್ಟಿಫೈಡ್ ಕಾರಿಗೆ ಹೆಚ್ಚು ಕೊಡುವುದು ಸರಿಯೇ? ನಂಬಿಕಸ್ಥ ಮೆಕ್ಯಾನಿಕ್ ಇರುವವರಿಗೆ, ಪರಿಚಯದವರ ಗಾಡಿ ಪೂರ್ತಿ ಸರ್ವಿಸ್ ದಾಖಲೆಯೊಂದಿಗೆ ಸಿಗುವವರಿಗೆ ಬೇಕಾಗಿಲ್ಲ. ಮೊದಲ ಬಾರಿ ಕಾರು ಕೊಳ್ಳುವವರಿಗೆ, ಸಾಲ ಮಾಡಿ ಕೊಳ್ಳುವವರಿಗೆ ಅದು ಒಳ್ಳೆಯದೇ. ಎಂಜಿನ್ ವಾರಂಟಿಗಿಂತ ಹೆಚ್ಚಾಗಿ, ಮುಂದೆ ಜಗಳ ಬಂದರೆ ಮಾರಿದವನು ಬೋರ್ಡು, ಬಿಲ್ಲು, ವಿಳಾಸ ಇರುವ ವ್ಯಾಪಾರಿ ಎಂಬುದು ಇಲ್ಲಿ ಮುಖ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅವನನ್ನು ಜಿಲ್ಲಾ ಆಯೋಗದ ಮುಂದೆ ನಿಲ್ಲಿಸಬಹುದು; ತನ್ನ ಮನೆಯ ಕಾರನ್ನು ಮಾರಿದ ಖಾಸಗಿ ವ್ಯಕ್ತಿಯನ್ನು ಹಾಗೆ ನಿಲ್ಲಿಸುವುದು ಕಷ್ಟ.

ಕೀಲಿ ಕೈಗೆ ಬಂದ ಮೇಲೂ ಒಂದು ಕೆಲಸ ಬಾಕಿಯಿರುತ್ತದೆ. ವಿಮೆಯನ್ನು ಹೊಸ ಮಾಲೀಕನ ಹೆಸರಿಗೆ ಬದಲಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಕಾಯ್ದೆಯ 157ನೇ ಕಲಮಿನಿಂದ ತನ್ನಷ್ಟಕ್ಕೇ ಬದಲಾಗುವುದು ಎದುರಿನವರಿಗೆ ಆಗುವ ಹಾನಿಯ ರಕ್ಷಣೆ ಮಾತ್ರ. ಹೆಸರು ಬದಲಿಸದ ಪಾಲಿಸಿಯಲ್ಲಿ ಸ್ವಂತ ಗಾಡಿಗೆ ಆದ ಹಾನಿಗೆ ವಿಮೆ ಕಂಪನಿ ದುಡ್ಡು ಕೊಡಬೇಕಿಲ್ಲ.